ಗುಳಿಗೆ ಬಂದ ಮೇಲಿನ ಕಥೆ

‘ಡಲ್ಲಾಸ್ ಬೈಯರ್ಸ್ ಕ್ಲಬ್’ ನೀವು ನೋಡಿರುತ್ತೀರಿ. 2013ರ ಸಿನೆಮಾ. ಮ್ಯಾಥ್ಯೂ ಮೆಕಾನಹೇ ಎಲುಬಿನ ಹಂದರವಾಗುವಷ್ಟು ತೂಕ ಇಳಿಸಿಕೊಂಡು ನಟಿಸಿ ಆಸ್ಕರ್ ಹೊಡೆದದ್ದು. 1985ರಲ್ಲಿ ಟೆಕ್ಸಾಸಿನ ಒಬ್ಬ ಎಲೆಕ್ಟ್ರಿಷಿಯನ್‌ಗೆ ಎಚ್‌ಐವಿ ಇದೆ ಅಂತ ಗೊತ್ತಾಗುತ್ತೆ. ಇನ್ನು ಮೂವತ್ತು ದಿನ ಅಷ್ಟೇ ಅಂತಾರೆ ಡಾಕ್ಟರು. ಆಸಾಮಿ ಬಗ್ಗುವುದಿಲ್ಲ. ಸರ್ಕಾರ ಒಪ್ಪದ ಔಷಧಿಗಳನ್ನು ಗಡಿಯಾಚೆಯಿಂದ ಕದ್ದು ತರುತ್ತಾನೆ, ತಾನೂ ತಗೋತಾನೆ, ತನ್ನಂಥವರಿಗೂ ಮಾರುತ್ತಾನೆ, ಕೋರ್ಟು ಹತ್ತುತ್ತಾನೆ, ಏಳು ವರ್ಷ ಬದುಕುತ್ತಾನೆ. ಒಂದು ಕಡೆ ದೊಡ್ಡ ಕಂಪನಿ, ದೊಡ್ಡ ಸರ್ಕಾರ. ಇನ್ನೊಂದು ಕಡೆ ಒಬ್ಬಂಟಿ ಮನುಷ್ಯ. ಇಷ್ಟವಾಗದೆ ಇರುತ್ತಾ? ನಮ್ಮ ಆಫೀಸಿನಲ್ಲಿ ನೋಡಿದವರೆಲ್ಲ “ಏನ್ ಆ್ಯಕ್ಟಿಂಗ್ ಗುರೂ” ಅಂದವರೇ.

ಆ್ಯಕ್ಟಿಂಗ್ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕೊನೆಯಲ್ಲಿ ಪರದೆ ಮೇಲೆ ಬರುವ ಅಕ್ಷರಗಳ ಬಗ್ಗೆ. ಇಡೀ ಸಿನೆಮಾ, ಆಸ್ಪತ್ರೆಯವರು ಕೊಡುವ ಎಜಡ್‌ಟಿ ಎಂಬ ಔಷಧಿಯನ್ನು ವಿಷ ಅನ್ನುವಂತೆಯೇ ತೋರಿಸುತ್ತದೆ. ಎಲ್ಲ ಮುಗಿದ ಮೇಲೆ ಒಂದು ಸಾಲು ಬರುತ್ತದೆ: ಅದೇ ಎಜಡ್‌ಟಿಯನ್ನು ಕಡಿಮೆ ಪ್ರಮಾಣದಲ್ಲಿ, ಬೇರೆ ಔಷಧಿಗಳ ಜೊತೆ ಸೇರಿಸಿ ಕೊಟ್ಟಿದ್ದರಿಂದ ಮುಂದೆ ಲಕ್ಷಾಂತರ ಜನ ಬದುಕಿದರು ಅಂತ. ಎರಡು ಗಂಟೆ ಒಂದು ಕಥೆ ಹೇಳಿ, ಅದರ ತಿದ್ದುಪಡಿಯನ್ನು ಒಂದೇ ಸಾಲಿನಲ್ಲಿ ಮುಗಿಸುವುದು! ನಾವು ಸಾಫ್ಟ್‌ವೇರಿನವರು ದೊಡ್ಡ ಬಗ್ ಒಂದನ್ನು ರಿಲೀಸ್ ನೋಟಿನ ಕೊನೆಯ ಸಾಲಿನಲ್ಲಿ ಮುಚ್ಚಿಡುತ್ತೇವಲ್ಲ, ಹಾಗೆ.

ಆ ‘ಬೇರೆ ಔಷಧಿಗಳು’ ಯಾವುವು? ಸಿನೆಮಾ ಹೇಳುವುದಿಲ್ಲ. ಕಥಾನಾಯಕ ತೀರಿಕೊಂಡದ್ದು 1992ರಲ್ಲಿ. ಆಟ ಬದಲಿಸಿದ ಔಷಧಿಗಳು ಬಂದದ್ದು ಅದಾದ ಮೂರು ವರ್ಷಕ್ಕೆ. ಅವಕ್ಕೆ ಪ್ರೋಟಿಯೇಸ್ ಇನ್‌ಹಿಬಿಟರ್ ಅಂತ ಹೆಸರು.

ಎಚ್‌ಐವಿ ಬಗ್ಗೆ ಬಂದ ಸಿನೆಮಾಗಳನ್ನು ಕೆಲವು ವರ್ಷಗಳಿಂದ ಹುಡುಕಿ ಹುಡುಕಿ ನೋಡುತ್ತಿದ್ದೇನೆ. ಒಳ್ಳೆಯವೂ ಇವೆ. ಆದರೆ ಬಹುಪಾಲು ಒಂದೇ ದಾರಿ ಹಿಡಿಯುತ್ತವೆ. ಗುಳಿಗೆ ಸಿಗುವ ತನಕ ಕಥೆ. ಗುಳಿಗೆ ಸಿಕ್ಕ ಕೂಡಲೇ ಶುಭಂ. ನಾನು ಬಂದ ಕಡೆ, ಅಂದರೆ ಬಿಜಾಪುರ ಜಿಲ್ಲೆಯಲ್ಲಿ, ಕಥೆ ಶುರುವಾಗುವುದೇ ಗುಳಿಗೆ ಸಿಕ್ಕ ಮೇಲೆ. ಈ ಅಂತರದ ಬಗ್ಗೆಯೇ ಈ ಬರಹ.

ಮೊದಲು ಔಷಧಿ ಏನು ಮಾಡುತ್ತದೆ ನೋಡಿಬಿಡೋಣ. ವಿಜ್ಞಾನ ಅಂತ ಓಡಬೇಡಿ, ದರ್ಜಿ ಅಂಗಡಿಯ ಉದಾಹರಣೆ ಸಾಕು. ಎಚ್‌ಐವಿ ನಮ್ಮ ರಕ್ತದ ಕಣದೊಳಗೆ ಹೊಕ್ಕು, ಅದೇ ಕಣವನ್ನು ಕಾರ್ಖಾನೆ ಮಾಡಿಕೊಂಡು, ತನ್ನ ಹೊಸ ಪ್ರತಿಗಳಿಗೆ ಬೇಕಾದ ಪ್ರೋಟೀನುಗಳನ್ನು ಮಾಡಿಸಿಕೊಳ್ಳುತ್ತದೆ. ಆ ಪ್ರೋಟೀನುಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಬಟ್ಟೆಯ ಥಾನಿನ ಹಾಗೆ ಉದ್ದಕ್ಕೆ ಒಂದೇ ಪಟ್ಟಿಯಾಗಿ ಬರುತ್ತವೆ. ಥಾನನ್ನೇ ಮೈಮೇಲೆ ಹಾಕಿಕೊಳ್ಳಲಾಗದು. ತೋಳು, ಕಾಲರು, ಕಿಸೆ ಅಂತ ಕತ್ತರಿಸಬೇಕು. ಹಾಗೆ ಕತ್ತರಿಸುವ ಕತ್ತರಿಯೇ ಪ್ರೋಟಿಯೇಸ್ ಎಂಬ ಕಿಣ್ವ. ವೈರಸ್ಸು ಅದನ್ನು ತನ್ನ ಜೊತೆಗೇ ತಂದಿರುತ್ತದೆ. ಪ್ರೋಟಿಯೇಸ್ ಇನ್‌ಹಿಬಿಟರ್ ಅಂದರೆ ಆ ಕತ್ತರಿಯ ಬಾಯಿಗೆ ಸಿಕ್ಕಿಸಿದ ಕಡ್ಡಿ. ಕತ್ತರಿ ಮುಚ್ಚಿಕೊಳ್ಳುವುದಿಲ್ಲ, ಥಾನು ತುಂಡಾಗುವುದಿಲ್ಲ. ಹೊಸ ವೈರಸ್ಸುಗಳು ಕಣದಿಂದ ಹೊರಗೇನೋ ಬರುತ್ತವೆ, ಆದರೆ ಬಲಿಯದ ಕಾಯಿಗಳು. ಇನ್ನೊಂದು ಕಣಕ್ಕೆ ಸೋಂಕು ಹಚ್ಚುವ ತಾಕತ್ತು ಇರುವುದಿಲ್ಲ.

1989ರಲ್ಲಿ ವಿಜ್ಞಾನಿಗಳು ಈ ಕತ್ತರಿಯ ಆಕಾರ ಬಿಡಿಸಿದರು. ಆಕಾರ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಕಡ್ಡಿ ಕೆತ್ತುವ ಕೆಲಸ. 1995ರ ಡಿಸೆಂಬರಿನಲ್ಲಿ ಸಾಕ್ವಿನಾವಿರ್, 1996ರ ಮಾರ್ಚಿನಲ್ಲಿ ರಿಟೊನಾವಿರ್ ಮತ್ತು ಇಂಡಿನಾವಿರ್, ಒಂದರ ಹಿಂದೆ ಒಂದು ಅಮೆರಿಕದಲ್ಲಿ ಅನುಮತಿ ಪಡೆದವು. ಒಂದೇ ಔಷಧಿ ಕೊಟ್ಟರೆ ವೈರಸ್ಸು ರೂಪ ಬದಲಿಸಿಕೊಂಡು ಕೆಲವೇ ತಿಂಗಳಲ್ಲಿ ತಪ್ಪಿಸಿಕೊಳ್ಳುತ್ತಿತ್ತು. ಬೇರೆ ಬೇರೆ ಹಂತದಲ್ಲಿ ತಡೆಯುವ ಔಷಧಿಗಳನ್ನು, ಸಾಮಾನ್ಯವಾಗಿ ಮೂರನ್ನು, ಒಟ್ಟಿಗೆ ಕೊಟ್ಟಾಗ ಒಂದೇ ಏಟಿಗೆ ಎಲ್ಲ ಬೀಗ ಮುರಿಯಬೇಕಾಗಿ ಬಂತು. 1996ರಿಂದ 1997ಕ್ಕೆ, ಒಂದೇ ವರ್ಷದಲ್ಲಿ, ಅಮೆರಿಕದ ಏಡ್ಸ್ ಸಾವುಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ಸಾಯಲೆಂದೇ ಆಸ್ಪತ್ರೆ ಸೇರಿದವರು ಎದ್ದು ಮನೆಗೆ ಹೋದರು.

ಇದನ್ನು ತೋರಿಸುವ ಒಂದು ಸಿನೆಮಾ ಇದೆ. ಡೇವಿಡ್ ಫ್ರಾನ್ಸ್ ಮಾಡಿದ ‘ಹೌ ಟು ಸರ್ವೈವ್ ಎ ಪ್ಲೇಗ್’, 2012ರ ಸಾಕ್ಷ್ಯಚಿತ್ರ. ನ್ಯೂಯಾರ್ಕಿನ ಹೋರಾಟಗಾರರು ಆ ಕಾಲದಲ್ಲಿ ತಾವೇ ತೆಗೆದ ವಿಡಿಯೊಗಳನ್ನು ಹೊಂದಿಸಿ ಮಾಡಿದ್ದು. ನನಗೆ ಬಹಳ ಹಿಡಿಸಿದ ಚಿತ್ರ. ಯಾಕೆಂದರೆ ಇಲ್ಲಿ ಒಬ್ಬಂಟಿ ಹೀರೋ ಇಲ್ಲ. ಬೀದಿಯಲ್ಲಿ ಧಿಕ್ಕಾರ ಕೂಗಿದವರೇ ರಾತ್ರಿ ಕೂತು ಜೀವರಸಾಯನಶಾಸ್ತ್ರ ಓದುತ್ತಾರೆ, ಔಷಧ ಕಂಪನಿಯ ಮೀಟಿಂಗಿಗೆ ಹೋಗಿ ವಿಜ್ಞಾನಿಗಳ ಜೊತೆ ಪ್ರಯೋಗ ಹೇಗೆ ನಡೆಯಬೇಕು ಅಂತ ವಾದ ಮಾಡುತ್ತಾರೆ. ಕಂಪನಿಯನ್ನು ಬೈಯುವುದು ಸುಲಭ. ಬೈದ ಮೇಲೆ ಅದೇ ಕಂಪನಿಯ ಡೇಟಾ ಓದಿ ಪ್ರಶ್ನೆ ಕೇಳುವುದು ಕಷ್ಟ. ಆ ಕಷ್ಟವನ್ನು ತೋರಿಸಿದ್ದು ಈ ಚಿತ್ರದ ದೊಡ್ಡತನ. ‘ಡಲ್ಲಾಸ್’ ಇದರ ಮುಂದೆ ಕೌಬಾಯ್ ಕಥೆ ಅಷ್ಟೇ.

ಆದರೆ ಇದೂ 1996ಕ್ಕೆ ಬಂದು ನಿಲ್ಲುತ್ತದೆ. ಕೊನೆಯಲ್ಲಿ, ಹಳೆಯ ವಿಡಿಯೊಗಳಲ್ಲಿ ನೋಡಿದ ಎಳೆ ಮುಖಗಳು ಒಂದೊಂದಾಗಿ ನಡುವಯಸ್ಸಿನ ಮುಖಗಳಾಗಿ ಎದುರಿಗೆ ಬರುತ್ತವೆ. ಸತ್ತಿರಬೇಕು ಅಂದುಕೊಂಡವರು ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಕಣ್ಣು ತುಂಬುತ್ತದೆ. ಹಾಗೆ ಎದುರು ಬರುವವರಲ್ಲಿ ಸ್ಪೆನ್ಸರ್ ಕಾಕ್ಸ್ ಒಬ್ಬ. ರಿಟೊನಾವಿರ್ ಪ್ರಯೋಗದ ರೂಪುರೇಷೆಗೆ ದುಡಿದವನು. ಚಿತ್ರ ಬಿಡುಗಡೆಯಾದ ವರ್ಷವೇ, 2012ರ ಡಿಸೆಂಬರಿನಲ್ಲಿ, 44ನೇ ವಯಸ್ಸಿಗೆ ಏಡ್ಸ್ ಸಂಬಂಧಿ ಕಾಯಿಲೆಯಿಂದಲೇ ತೀರಿಕೊಂಡ. ಅದಕ್ಕೂ ಮುಂಚೆ ಕೆಲ ಕಾಲ ಗುಳಿಗೆ ತಗೊಳ್ಳುವುದನ್ನು ಬಿಟ್ಟಿದ್ದ ಅಂತ ಆಮೇಲೆ ಹತ್ತಿರದವರು ಹೇಳಿದರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಆ ಗುಳಿಗೆ ಜಗತ್ತಿಗೆ ಬರಲೆಂದು ಬಡಿದಾಡಿದವನು, ಅದರ ಒಳ-ಹೊರಗೆಲ್ಲ ತಿಳಿದವನು, ದುಡ್ಡಿನ ಕೊರತೆಗೋ ತಿಳಿವಳಿಕೆಯ ಕೊರತೆಗೋ ಸೋಲದೆ, ದಿನದಿನ ತಗೊಳ್ಳುವ ಕೆಲಸದಲ್ಲಿ ಸೋತ. ‘ಸರ್ವೈವ್’ ಅಂತ ಹೆಸರಿಟ್ಟುಕೊಂಡ ಸಿನೆಮಾ ಮುಟ್ಟದೇ ಬಿಟ್ಟ ಜಾಗ ಇದೇ. ಗುಳಿಗೆ ಕಂಡುಹಿಡಿಯುವುದು ಒಮ್ಮೆ ನಡೆಯುವ ಘಟನೆ. ಅದನ್ನು ತಗೊಳ್ಳುವುದು ಸಾಯುವ ತನಕ ಪ್ರತಿದಿನ ನಡೆಯಬೇಕಾದ ಕೆಲಸ. ಮೊದಲನೆಯದನ್ನು ಸಿನೆಮಾ ಮಾಡಬಹುದು. ಎರಡನೆಯದನ್ನು ಹೇಗೆ ಮಾಡ್ತೀರಿ?

ಆ ಕೆಲಸವೂ ಸಣ್ಣದೇನಲ್ಲ. ಇಂಡಿನಾವಿರ್ ಅನ್ನು ಎಂಟೆಂಟು ಗಂಟೆಗೆ ಒಮ್ಮೆ, ಖಾಲಿ ಹೊಟ್ಟೆಯಲ್ಲಿ, ಚೊಂಬುಗಟ್ಟಲೆ ನೀರಿನ ಜೊತೆ ತಗೋಬೇಕಿತ್ತು. ಇಲ್ಲವಾದರೆ ಕಿಡ್ನಿಯಲ್ಲಿ ಕಲ್ಲು. ರಿಟೊನಾವಿರ್ ಮೊದಮೊದಲು ದಿನಕ್ಕೆ ಹನ್ನೆರಡು ಕ್ಯಾಪ್ಸೂಲು. 1998ರಲ್ಲಿ ಅದರ ಹರಳು ಇದ್ದಕ್ಕಿದ್ದಂತೆ ಬೇರೆ ರೂಪಕ್ಕೆ ತಿರುಗಿತು. ಅದೇ ಕಾರ್ಖಾನೆ, ಅದೇ ವಿಧಾನ, ಆದರೆ ಬರುವ ಹರಳು ಬೇರೆ, ಸರಿಯಾಗಿ ಕರಗದು. ಕ್ಯಾಪ್ಸೂಲು ಮಾರುಕಟ್ಟೆಯಿಂದ ವಾಪಸ್ಸು ಹೋಯಿತು. ಮುಂದೆ ಸಂಶೋಧಕರಿಗೆ ಇನ್ನೊಂದು ವಿಷಯ ಹೊಳೆಯಿತು: ರಿಟೊನಾವಿರ್ ನಮ್ಮ ಲಿವರಿನಲ್ಲಿ ಔಷಧಿ ಕರಗಿಸಿ ಹೊರಹಾಕುವ ಕಿಣ್ವವನ್ನೇ ತಡೆಯುತ್ತದೆ. ಅಂದರೆ ಅದನ್ನು ಸ್ವಲ್ಪ ಸೇರಿಸಿದರೆ ಜೊತೆಗಿನ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅಲ್ಲಿಂದ ಅದು ಹೀರೋ ಪಾತ್ರ ಬಿಟ್ಟು ಪೋಷಕ ಪಾತ್ರಕ್ಕೆ ಬಂತು. 2000ದಲ್ಲಿ ಲೋಪಿನಾವಿರ್ ಜೊತೆ ಸೇರಿಸಿದ ಕಲೆಟ್ರಾ ಬಂದದ್ದು ಹೀಗೆ. ಒಂದೇ ತೊಂದರೆ: ಆ ಕ್ಯಾಪ್ಸೂಲು ಫ್ರಿಜ್ಜಿನಲ್ಲಿ ಇಡಬೇಕು.

ಫ್ರಿಜ್ಜು! ಬಿಜಾಪುರದ ಮೇ ತಿಂಗಳು ಬಲ್ಲವರಿಗೆ ಮುಂದೆ ಹೇಳಬೇಕಿಲ್ಲ.

* * *

ಇನ್ನು ನಮ್ಮ ದೇಶದ ಕಥೆ ಹೇಳುವ ಸಿನೆಮಾ. ಡೈಲನ್ ಮೋಹನ್ ಗ್ರೇ ಅವರ ‘ಫೈರ್ ಇನ್ ದ ಬ್ಲಡ್’, 2013ರ ಸಾಕ್ಷ್ಯಚಿತ್ರ. ಅಮೆರಿಕದಲ್ಲಿ ಜನ ಎದ್ದು ಕೂತ ಮೇಲೆ ಆಫ್ರಿಕಾದಲ್ಲಿ, ಏಷ್ಯಾದಲ್ಲಿ ಏನಾಯಿತು ಅಂತ ಇದು ಕೇಳುತ್ತದೆ. ಉತ್ತರ: ಏನೂ ಆಗಲಿಲ್ಲ, ಜನ ಸಾಯುತ್ತಲೇ ಹೋದರು. ವರ್ಷಕ್ಕೆ 10,000 ಡಾಲರಿಗೂ ಮೀರಿದ ಔಷಧಿಯನ್ನು ಕೊಳ್ಳುವವರು ಯಾರು? 2001ರ ಫೆಬ್ರುವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರಿಗೆ ‘ಮೆಡಿಸಿನ್ ಸಾನ್ ಫ್ರಾಂಟಿಯರ್’ ಎಂಬ ವೈದ್ಯರ ಸಂಘಟನೆಗೆ ಕೊಡುತ್ತೇನೆ ಅಂದರು. ದಿನಕ್ಕೆ ಒಂದು ಡಾಲರಿಗೂ ಕಮ್ಮಿ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡುತ್ತಿರಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಅದಕ್ಕೇ ಇದು ಸಾಧ್ಯವಾಯಿತು. ಸಿನೆಮಾ ಇದನ್ನು ಚೆನ್ನಾಗಿ, ಸಿಟ್ಟಿನಿಂದ ಹೇಳುತ್ತದೆ. ಆ ಸಿಟ್ಟು ನ್ಯಾಯವಾದದ್ದು. ಗುಳಿಗೆಯ ವಿಜ್ಞಾನದಷ್ಟೇ ಗುಳಿಗೆಯ ದರವೂ ಜೀವ ಉಳಿಸುತ್ತದೆ ಅಥವಾ ತೆಗೆಯುತ್ತದೆ ಅನ್ನುವುದನ್ನು ಇಷ್ಟು ನೇರವಾಗಿ ಹೇಳಿದ ಚಿತ್ರ ನಾನು ಇನ್ನೊಂದು ನೋಡಿಲ್ಲ.

ಆದರೂ ಒಂದು ಮಾತಿದೆ. ಸಿಪ್ಲಾದ ಆ ಮೂರು ಔಷಧಿಗಳು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್. ಅದರಲ್ಲಿ ಪ್ರೋಟಿಯೇಸ್ ಇನ್‌ಹಿಬಿಟರ್ ಇಲ್ಲ. ಬಡವರಿಗೆ ಸಿಕ್ಕ ಮೊದಲ ಚಿಕಿತ್ಸೆ ಅಮೆರಿಕದವರನ್ನು 1996ರಲ್ಲಿ ಎಬ್ಬಿಸಿದ ಅದೇ ಚಿಕಿತ್ಸೆಯಲ್ಲ, ಅಗ್ಗವಾಗಿ ಮಾಡಲು ಬಂದ ಇನ್ನೊಂದು. ಅದೂ ಕೋಟಿಗಟ್ಟಲೆ ಜೀವ ಉಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೆಲಸ ಬಿಟ್ಟಾಗ? ಆಗ ಬೇಕಾಗುವುದು ‘ಎರಡನೇ ಸಾಲಿನ’ ಔಷಧಿ. ಪ್ರೋಟಿಯೇಸ್ ಇನ್‌ಹಿಬಿಟರ್ ಇರುವುದು ಅಲ್ಲಿ.

ಈಗ ವರ್ಷಗಳನ್ನು ಪಕ್ಕಪಕ್ಕ ಇಡಿ. ಅಮೆರಿಕಕ್ಕೆ ಈ ಔಷಧಿ 1996ರಲ್ಲಿ. ಭಾರತ ಸರ್ಕಾರ ಉಚಿತ ಚಿಕಿತ್ಸೆ ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕೆ, ಸೋಂಕು ಹೆಚ್ಚಿದ್ದ ಕೆಲವು ರಾಜ್ಯಗಳಲ್ಲಿ. ಕರ್ನಾಟಕದಲ್ಲಿ ಮೊದಲು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ನಮ್ಮೂರಿಂದ ಅದು ಸುಮಾರು 500 ಕಿಲೋಮೀಟರು. ಅದೂ ಮೊದಲ ಸಾಲಿನದು ಮಾತ್ರ. ಎರಡನೇ ಸಾಲು ಸರ್ಕಾರಿ ವ್ಯವಸ್ಥೆಯಲ್ಲಿ ಶುರುವಾದದ್ದು 2008ರಲ್ಲಿ, ಮೊದಲಿಗೆ ಮುಂಬೈಯ ಜೆ.ಜೆ. ಮತ್ತು ಚೆನ್ನೈಯ ತಾಂಬರಂ ಆಸ್ಪತ್ರೆಗಳಲ್ಲಿ. ಖಾಸಗಿ ಡಾಕ್ಟರ ಹತ್ತಿರ ಚಿಕಿತ್ಸೆ ಶುರು ಮಾಡಿದವರಿಗೆ ಆಗ ಅದು ಸಿಗುತ್ತಿರಲಿಲ್ಲ. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2010ರ ಕೊನೆಗೆ ಎಲ್ಲರಿಗೂ ಅಂತಾಯಿತು. 1996ರಿಂದ 2010, ಹದಿನಾಲ್ಕು ವರ್ಷ. ಈ ಹದಿನಾಲ್ಕು ವರ್ಷ ಯಾವ ಸಿನೆಮಾದಲ್ಲೂ ಇಲ್ಲ.

‘ಫೈರ್ ಇನ್ ದ ಬ್ಲಡ್’ ಕೊನೆಗೆ ಒಂದು ಎಚ್ಚರಿಕೆ ಕೊಡುತ್ತದೆ: 2005ರಿಂದ ಭಾರತವೂ ಔಷಧಿಗೆ ಪೇಟೆಂಟ್ ಕೊಡಬೇಕಾಗಿದೆ, ಮುಂದೆ ಕಷ್ಟವಿದೆ ಅಂತ. ನಿಜ. ಆದರೆ ಆ ಕಷ್ಟ ಬರಲಿರುವುದಲ್ಲ, ಬಂದು ಕೂತಿತ್ತು. ಅದರ ಅತ್ಯುತ್ತಮ ಕಥೆ ಕಲೆಟ್ರಾ ಸುತ್ತಲೇ ಇದೆ. 2003ರ ಡಿಸೆಂಬರಿನಲ್ಲಿ ಅಬಾಟ್ ಕಂಪನಿ ಅಮೆರಿಕದಲ್ಲಿ ರಿಟೊನಾವಿರ್ ದರವನ್ನು ಒಂದೇ ಏಟಿಗೆ ಐದು ಪಟ್ಟು ಮಾಡಿತು: 100 ಮಿಲಿಗ್ರಾಮಿಗೆ 1.71 ಡಾಲರ್ ಇದ್ದದ್ದು 8.57. ಪ್ರತಿಸ್ಪರ್ಧಿಗಳ ಔಷಧಿಗಳಿಗೂ ರಿಟೊನಾವಿರ್ ಸೇರಿಸಲೇಬೇಕು, ಹಾಗಾಗಿ ಅವು ದುಬಾರಿಯಾದವು. ತನ್ನದೇ ಕಲೆಟ್ರಾ ದರ ಮಾತ್ರ ಏರಿಸಲಿಲ್ಲ. 2005ರಲ್ಲಿ ಫ್ರಿಜ್ಜು ಬೇಡದ ಕಲೆಟ್ರಾ ಮಾತ್ರೆ ಬಂತು. 2007ರಲ್ಲಿ ಥಾಯ್ಲೆಂಡ್ ಸರ್ಕಾರ, ಪೇಟೆಂಟ್ ಇದ್ದರೂ ಅಗ್ಗದ ಕಲೆಟ್ರಾ ತರಿಸುತ್ತೇವೆ ಅಂದಾಗ, ಕಂಪನಿ ಅಲ್ಲಿ ಆ ಹೊಸ ಮಾತ್ರೆಯ ಅರ್ಜಿಯನ್ನೇ ಹಿಂದಕ್ಕೆ ತಗೊಂಡಿತು. ಬಿಸಿಲಿನ ದೇಶಕ್ಕೆ ಬಿಸಿಲು ತಡೆಯುವ ಗುಳಿಗೆ ಇಲ್ಲ! ಭಾರತದಲ್ಲಿ ಅದೇ ಮಾತ್ರೆಗೆ ಪೇಟೆಂಟ್ ಕೇಳಿದ್ದನ್ನು ಸಂಘಟನೆಗಳೂ ಜೆನೆರಿಕ್ ಕಂಪನಿಗಳೂ ವಿರೋಧಿಸಿದವು. 2010 ಮುಗಿಯುವ ಹೊತ್ತಿಗೆ ನಮ್ಮ ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು. ನಮ್ಮ ಕಡೆಯವರ ಕೈಗೆ ಆ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಂದದ್ದರ ಹಿಂದೆ ಒಂದು ಕಡತ, ಒಂದು ತಕರಾರು ಅರ್ಜಿ, ಒಬ್ಬ ಅಧಿಕಾರಿಯ ಸಹಿ ಇದೆ. ಇದೂ ರೋಚಕವೇ. ಕ್ಯಾಮೆರಾ ಅಲ್ಲಿಗೆ ಹೋಗಬೇಕಷ್ಟೇ.

* * *

ನಮ್ಮೂರು ಗೊಳಸಂಗಿ. ಬಿಜಾಪುರದಿಂದ ಹೊಸಪೇಟೆ ಕಡೆಗೆ ಹೋಗುವ ಹೆದ್ದಾರಿಯ ಊರು. ಹೆದ್ದಾರಿ ಅಂದಮೇಲೆ ಲಾರಿ, ಢಾಬಾ, ಪಂಕ್ಚರ್ ಅಂಗಡಿ. ನಾನು ಸಾಲಿಗೆ ಹೋಗುವಾಗ ಗೋಡೆಗಳ ಮೇಲೆ ತಲೆಬುರುಡೆ ಬಿಡಿಸಿ ಏಡ್ಸ್ ಬಗ್ಗೆ ಬರೆದಿರುತ್ತಿದ್ದರು. ಅದರ ಒಟ್ಟು ಅರ್ಥ ಇಷ್ಟೇ: ಬಂತೋ, ಸತ್ತಿರಿ. ಊರಲ್ಲಿ ಯಾರೂ ಹೆಸರು ಹೇಳುತ್ತಿರಲಿಲ್ಲ. “ಅವಗ ಅದು ಆಗೈತಂತ” ಅನ್ನುತ್ತಿದ್ದರು. ‘ಅದು’ ಅಂದರೆ ಸಾಕು. 2003ರ ಹೊತ್ತಿಗೆ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಜನರ ರಕ್ತಪರೀಕ್ಷೆ ಮಾಡಿ ಅಧ್ಯಯನ ಮಾಡಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಸೋಂಕಿತ್ತು. ಅದು ಬರೀ ಪೇಟೆಯ ರೋಗವಲ್ಲ, ಹೊಲದ ದಾರಿಯಲ್ಲಿ ಮನೆ ಮನೆಗೆ ಬಂದ ರೋಗ.

ನಮ್ಮ ಕಡೆಯ ಒಬ್ಬರು, ನಾನು ಕಾಕಾ ಅಂತ ಕರೆಯುವವರು, ಮೊದಲು ಲಾರಿ ಹೊಡೆಯುತ್ತಿದ್ದರು. ಈಗ ಎರಡನೇ ಸಾಲಿನ ಗುಳಿಗೆಯ ಮೇಲಿದ್ದಾರೆ. ಒಮ್ಮೆ ಊರಿಗೆ ಹೋದಾಗ ಕೇಳಿದೆ, “ಕಾಕಾ, ಮೊದ್ಲಿನ ಗುಳಿಗಿ ಯಾಕ ಹತ್ತಲಿಲ್ಲ?”

“ಗುಳಿಗಿ ಹತ್ತತಿತ್ತು ತಮ್ಮಾ. ನಾನ ತಪ್ಪಸ್ತಿದ್ದೆ. ಬಾಟ್ಲಿ ಅಲ್ಲಾಡಿದ್ರ ಸಪ್ಪಳ ಆಗತೈತಿ. ಒಳಗ ಅರಿವಿ ತುಂಡು ತುರಕತಿದ್ದೆ. ಮ್ಯಾಲಿನ ಚೀಟಿ ಕಿತ್ತ ಒಗೀತಿದ್ದೆ. ಆದ್ರ ಮದುವಿ, ಜಾತ್ರಿ, ಮಂದಿ ಮನ್ಯಾಗ ಹೆಂಗ ತಗೊಳ್ಳೂದು? ಎರಡ ದಿನ, ಮೂರ ದಿನ ಹಂಗ ಬಿಡೂದು.”

ಡಾಕ್ಟರರ ಭಾಷೆಯಲ್ಲಿ ಇದಕ್ಕೆ ಒಂದು ಪದ ಇದೆ, ಅಡ್ಹೆರೆನ್ಸ್. ಎರಡು ಮೂರು ದಿನ ಬಿಟ್ಟಾಗ ಮೈಯಲ್ಲಿ ಔಷಧಿಯ ಪ್ರಮಾಣ ಇಳಿಯುತ್ತದೆ, ವೈರಸ್ಸು ಬೆಳೆಯುತ್ತದೆ. ಅರ್ಧಂಬರ್ಧ ಔಷಧಿಯ ನಡುವೆ ಬೆಳೆದ ವೈರಸ್ಸು ಅದನ್ನು ದಾಟುವ ವಿದ್ಯೆ ಕಲಿಯುತ್ತದೆ. ನೆವಿರಪಿನ್ ಥರದ ಔಷಧಿಗಂತೂ ವೈರಸ್ಸಿನ ಒಂದೇ ಬದಲಾವಣೆ ಸಾಕು. ಪ್ರೋಟಿಯೇಸ್ ಇನ್‌ಹಿಬಿಟರಿಗೆ ರಿಟೊನಾವಿರ್ ಬಲ ಇದ್ದಾಗ ಹಲವು ಬದಲಾವಣೆ ಬೇಕು, ಅದಕ್ಕೇ ಅದನ್ನು ಹಿಂದಿನ ಸಾಲಿನಲ್ಲಿ ಕಾಯ್ದಿಟ್ಟದ್ದು. ಆದರೆ ಕಾಯ್ದಿಟ್ಟದ್ದಕ್ಕೂ ಕೊನೆ ಇದೆ.

ಕಾಕಾನ ಬಾಟ್ಲಿಯೊಳಗಿನ ಅರಿವಿ ತುಂಡಿಗೂ ಸಿನೆಮಾಕ್ಕೂ ಏನು ಸಂಬಂಧ ಅಂತೀರಾ? ಇದೆ. ಅವರು ಬಚ್ಚಿಡುತ್ತಿದ್ದದ್ದು ರೋಗವನ್ನಲ್ಲ, ರೋಗದ ಕಥೆಯನ್ನು. ಆ ಬಾಟ್ಲಿ ನೋಡಿದವರ ತಲೆಯಲ್ಲಿ ಓಡುವುದು ಗೋಡೆ ಮೇಲಿನ ತಲೆಬುರುಡೆ, ಸಿನೆಮಾದ ಎಲುಬಿನ ಹಂದರ. ಅಲ್ಲಿ ರೋಗಿ ಒಂದೋ ಸಾಯುತ್ತಾನೆ, ಇಲ್ಲ ಹುತಾತ್ಮನಾಗುತ್ತಾನೆ. ದಿನಾ ರಾತ್ರಿ ಊಟ ಮಾಡಿ ಗುಳಿಗೆ ನುಂಗಿ ಮಲಗಿ, ಬೆಳಗ್ಗೆ ಎದ್ದು ಎಮ್ಮೆ ಕಟ್ಟುವ ಮನುಷ್ಯ ಆ ಕಥೆಗಳಲ್ಲಿ ಇಲ್ಲವೇ ಇಲ್ಲ. ಅಂಥ ಮನುಷ್ಯನನ್ನು ಯಾರೂ ನೋಡಿಲ್ಲವಾದ್ದರಿಂದ ಅವನಿಗೆ ಮಂದಿಯ ನಡುವೆ ಗುಳಿಗೆ ನುಂಗುವ ಜಾಗವಿಲ್ಲ. ಹಳೆಯ ಕಥೆ ಹೊಸ ಔಷಧಿಯನ್ನು ಹೀಗೆ ಸೋಲಿಸುತ್ತದೆ.

* * *

ಕನ್ನಡದಲ್ಲಿ ಏನಿದೆ? 2007ರಲ್ಲಿ ಮೀರಾ ನಾಯರ್ ಮುಂದಾಳತ್ವದಲ್ಲಿ ‘ಏಡ್ಸ್ ಜಾಗೋ’ ಅಂತ ನಾಲ್ಕು ಕಿರುಚಿತ್ರ ಬಂದವು. ಅದರಲ್ಲಿ ಒಂದು ಕನ್ನಡದ್ದು, ಸಂತೋಷ್ ಶಿವನ್ ನಿರ್ದೇಶಿಸಿದ ‘ಪ್ರಾರಂಭ’. ಪ್ರಭುದೇವ ಲಾರಿ ಡ್ರೈವರ್. ತಾಯಿಯನ್ನು ಹುಡುಕಿಕೊಂಡು ಹೊರಟ ಒಬ್ಬ ಹುಡುಗ ಅವನಿಗೆ ಜೊತೆಯಾಗುತ್ತಾನೆ. ಹುಡುಗನಿಗೆ ಎಚ್‌ಐವಿ ಇದೆ ಅಂತ ಶಾಲೆಯಿಂದ ಹೊರಹಾಕಿದ್ದಾರೆ. ಸಣ್ಣ ಚಿತ್ರ, ಮನಸ್ಸು ಮುಟ್ಟುತ್ತದೆ. ಲಾರಿ ಡ್ರೈವರನ್ನು ರೋಗ ಹೊತ್ತು ತಿರುಗುವವನು ಅಂತ ತೋರಿಸುತ್ತಿದ್ದ ಕಾಲದಲ್ಲಿ, ಕೈ ಹಿಡಿದು ನಡೆಸುವವನನ್ನಾಗಿ ತೋರಿಸಿದ್ದಕ್ಕೆ ಹೆದ್ದಾರಿ ಊರಿನವನಾದ ನನಗೆ ಅದರ ಮೇಲೆ ಪ್ರೀತಿ ಇದೆ. ಆ ಚಿತ್ರದ ಕಣ್ಣು ಶಾಲೆಯ ಬಾಗಿಲ ಮೇಲಿದೆ, ಅಲ್ಲೇ ಇರಬೇಕಾಗಿತ್ತು ಕೂಡ.

ಆದರೆ ಶಾಲೆಯ ಬಾಗಿಲು ತೆರೆದ ಮೇಲೆ ಹುಡುಗ ಸಂಜೆ ಮನೆಗೆ ಬರುತ್ತಾನಲ್ಲ? ಅವನಿಗೆ ಔಷಧಿ ಬೇಕಲ್ಲ? ಸರಿಯಾಗಿ ಹತ್ತು ವರ್ಷಕ್ಕೆ, 2017ರ ಮಾರ್ಚಿನಲ್ಲಿ, 637 ಮಕ್ಕಳ ಸಹಿ ಇದ್ದ ಪತ್ರವೊಂದು ಪ್ರಧಾನಿಗೆ ಹೋಯಿತು. ಎಚ್‌ಐವಿ ಇರುವ ಮಕ್ಕಳು. ಕೇಳಿದ್ದು ಲೋಪಿನಾವಿರ್ ಸಿರಪ್ಪು. ಮಾತ್ರೆ ನುಂಗಲಾಗದ ಮಕ್ಕಳಿಗೆ ಇದ್ದ ಪ್ರೋಟಿಯೇಸ್ ಇನ್‌ಹಿಬಿಟರ್ ಅದೇ. ಕಹಿ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಆಲ್ಕೋಹಾಲು ಇರುವ ದ್ರವ. ದೇಶದಲ್ಲಿ ಅದನ್ನು ಮಾಡುತ್ತಿದ್ದ ಕಂಪನಿ, ಹಿಂದಿನ ಬಾಕಿ ಬರಲಿಲ್ಲ ಅಂತ ತಯಾರಿಕೆ ನಿಲ್ಲಿಸಿತ್ತು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಕಂಪನಿ ಯಾವುದು ಅಂತೀರಿ? ಸಿಪ್ಲಾ. ‘ಫೈರ್ ಇನ್ ದ ಬ್ಲಡ್’ನ ಹೀರೋ. ಇಲ್ಲಿ ಖಳನಾಯಕ ಯಾರು, ಹೇಳಿ? ಬಾಕಿ ಇಟ್ಟುಕೊಂಡ ವ್ಯವಸ್ಥೆಯೇ, ಲಾಭವಿಲ್ಲದ್ದನ್ನು ಬಿಟ್ಟ ಕಂಪನಿಯೇ, ಮಕ್ಕಳ ಸಣ್ಣ ಮಾರುಕಟ್ಟೆಯೇ? ಇಂಥ ಕಡೆ ಖಳನಾಯಕ ಸಿಗದೆ ಹೋಗುವುದಕ್ಕೇ ನಮ್ಮ ಸಿನೆಮಾಗಳು ಈ ಕಡೆ ಬರುವುದಿಲ್ಲವೇನೋ. ‘ಪ್ರಾರಂಭ’ದ ಮುಂದಿನ ಭಾಗ ಆ ಪತ್ರದಲ್ಲಿದೆ. ಯಾರಾದರೂ ತೆಗೆಯಬೇಕು.

ಸಿನೆಮಾದವರನ್ನಷ್ಟೇ ಅನ್ನುವುದೂ ತಪ್ಪು. ನಮ್ಮ ಸುದ್ದಿ ಭಾಷೆ ನೋಡಿ. ಡಿಸೆಂಬರ್ 1 ಬಂದರೆ ಸಾಕು, ‘ಮಾರಕ ಏಡ್ಸ್’, ‘ಮಹಾಮಾರಿ’, ‘ಏಡ್ಸ್ ಪೀಡಿತ’. ಎಚ್‌ಐವಿ ಅಂದರೆ ವೈರಸ್ಸು. ಏಡ್ಸ್ ಅಂದರೆ ಅದಕ್ಕೆ ಚಿಕಿತ್ಸೆ ಇಲ್ಲದೆ ಹೋದಾಗ ಬರುವ ಸ್ಥಿತಿ. ಸರಿಯಾಗಿ ಗುಳಿಗೆ ತಗೊಳ್ಳುವವನಿಗೆ ಆ ಸ್ಥಿತಿ ಬಾರದೆಯೇ ಇರಬಹುದು. 2016ರಲ್ಲಿ ಪ್ರಕಟವಾದ ಯುರೋಪಿನ ‘ಪಾರ್ಟ್‌ನರ್’ ಅಧ್ಯಯನ ಇನ್ನೂ ಮುಂದೆ ಹೋಯಿತು. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 888 ಜೋಡಿಗಳು. ಸೋಂಕಿದ್ದವರು ಔಷಧಿಯಿಂದ ವೈರಸ್ಸನ್ನು ಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಿಸಿಕೊಂಡವರು. ಕಾಂಡೋಮ್ ಇಲ್ಲದೆ ಕೂಡಿದರೂ ಅವರಿಂದ ಸಂಗಾತಿಗೆ ಸೋಂಕು ದಾಟಿದ್ದು ಸೊನ್ನೆ. ‘ಮಾರಕ’ ಅನ್ನುವ ಪದ ಬಳಸುವ ವರದಿಗಾರ 1995ರ ರೋಗದ ಬಗ್ಗೆ ಬರೆಯುತ್ತಿದ್ದಾನೆ. ನಾವು ಹಳೆಯ ವರ್ಷನ್ನಿನ ಡಾಕ್ಯುಮೆಂಟೇಶನ್ ಓದಿ ಹೊಸ ಕೋಡ್ ಬರೆದರೆ ಏನಾಗುತ್ತೆ ಗೊತ್ತಲ್ಲ.

ಕಥೆ ಬದಲಾದರೆ ನಾಚಿಕೆ ಹೇಗೆ ಬದಲಾಗುತ್ತೆ ಅನ್ನುವುದಕ್ಕೆ ಒಂದು ಪುರಾವೆ ನಮ್ಮ ಕಣ್ಣೆದುರೇ ನಡೆದು ಹೋಯಿತು. 2020ರ ಮಾರ್ಚಿನಲ್ಲಿ ಜೈಪುರದ ಆಸ್ಪತ್ರೆಯಲ್ಲಿ ಇಟಲಿಯ ಪ್ರವಾಸಿಗಳಿಗೆ ಕೋವಿಡ್‌ಗೆಂದು ಲೋಪಿನಾವಿರ್-ರಿಟೊನಾವಿರ್ ಕೊಟ್ಟರು. ಟಿವಿಯಲ್ಲಿ ಇಡೀ ದಿನ ಅದೇ ಹೆಸರು. ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಅದು ಕೋವಿಡ್‌ಗೆ ಉಪಯೋಗವಿಲ್ಲ ಅಂತ ತಿಳಿಯಿತು, ಬಿಟ್ಟರು. ಆದರೆ ರಿಟೊನಾವಿರ್ ತಿರುಗಿ ಬಂತು. 2021ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕ ಪ್ಯಾಕ್ಸ್‌ಲೋವಿಡ್ ಇದೆಯಲ್ಲ, ಅದರಲ್ಲಿರುವುದು ನಿರ್ಮಾಟ್ರೆಲ್ವಿರ್, ಕೊರೋನಾದ ಕತ್ತರಿಗೆ ಕಡ್ಡಿ. ಜೊತೆಗೆ ಅದನ್ನು ಮೈಯಲ್ಲಿ ಉಳಿಸಲು ಅದೇ ಹಳೆಯ ರಿಟೊನಾವಿರ್. ಎಚ್‌ಐವಿಯಲ್ಲಿ ಕಲಿತ ಪಾಠವನ್ನೇ ಕೋವಿಡ್‌ಗೆ ಹಚ್ಚಿದ್ದು. ಅದನ್ನು ತಗೊಂಡ ಅಮೆರಿಕದ ಗೆಳೆಯರು ಪೆಟ್ಟಿಗೆಯ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿದರು. ಕಾಕಾನ ಬಾಟ್ಲಿಯಲ್ಲಿರುವುದೂ ರಿಟೊನಾವಿರ್ರೇ. ಒಂದೇ ಗುಳಿಗೆ, ಒಂದಕ್ಕೆ ಸ್ಟೇಟಸ್ಸು, ಇನ್ನೊಂದಕ್ಕೆ ಅರಿವಿ ತುಂಡು.

ಈಗ ಮೊದಲ ಸಾಲಿನ ಚಿಕಿತ್ಸೆಯೇ ಬದಲಾಗಿದೆ. ಡೊಲುಟೆಗ್ರಾವಿರ್ ಇರುವ ದಿನಕ್ಕೊಂದು ಮಾತ್ರೆ, ಮೊದಲಿನದಕ್ಕಿಂತ ಗಟ್ಟಿ. ಪ್ರೋಟಿಯೇಸ್ ಇನ್‌ಹಿಬಿಟರ್‌ಗಳು ಇನ್ನಷ್ಟು ಹಿಂದಕ್ಕೆ ಸರಿದು, ಅದೂ ಸೋತವರಿಗೆಂದು ಕಾಯುತ್ತಿವೆ. 2018ರ ಸೆಪ್ಟೆಂಬರಿನಿಂದ ತಾರತಮ್ಯದ ವಿರುದ್ಧ ಕಾಯ್ದೆಯೂ ಜಾರಿಯಲ್ಲಿದೆ. ಎಚ್‌ಐವಿ ಇದೆ ಅಂತ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. ಔಷಧಿ ಮುಂದೆ ಹೋಯಿತು, ಕಾನೂನು ಮುಂದೆ ಹೋಯಿತು. ಕಥೆ ಮಾತ್ರ ತಲೆಬುರುಡೆ ಹಿಡಿದುಕೊಂಡು ನಿಂತಿದೆ.

ಹಾಗಾಗಿ ವಾರಾಂತ್ಯಕ್ಕೆ ಏನು ನೋಡಲಿ ಅಂತ ಕೇಳುವವರಿಗೆ: ‘ಡಲ್ಲಾಸ್’ ನೋಡದಿದ್ದರೂ ನಡೆಯುತ್ತೆ. ‘ಹೌ ಟು ಸರ್ವೈವ್ ಎ ಪ್ಲೇಗ್’ ನೋಡಿ, ನೋಡಿದ ಮೇಲೆ ಸ್ಪೆನ್ಸರ್ ಕಾಕ್ಸ್ ಬಗ್ಗೆ ಓದಿ. ‘ಫೈರ್ ಇನ್ ದ ಬ್ಲಡ್’ ನೋಡಿ, ನೋಡುವಾಗ ಆ ಮೂರು ಗುಳಿಗೆಗಳಲ್ಲಿ ಯಾವುದು ಇಲ್ಲ ಅನ್ನುವುದು ನೆನಪಿರಲಿ. ‘ಪ್ರಾರಂಭ’ಕ್ಕೆ ಬಹಳ ಸಮಯವೂ ಬೇಡ.

ಕಿರುಚಿತ್ರ ಮಾಡುವ ಹುಮ್ಮಸ್ಸಿನವರು ಇದನ್ನು ಓದುತ್ತಿದ್ದರೆ ಒಂದು ಮಾತು. ದಯವಿಟ್ಟು ಯಾರನ್ನೂ ಸಾಯಿಸಬೇಡಿ. ಆಸ್ಪತ್ರೆ ಕಾರಿಡಾರು, ವೀಣೆ, ಮಳೆ ಯಾವುದೂ ಬೇಡ. ಒಂದು ಮದುವೆ ಮನೆ ತೋರಿಸಿ. ಪಂಕ್ತಿಯಲ್ಲಿ ಕೂತ ಒಬ್ಬ ಮನುಷ್ಯ ಊಟ ಮುಗಿಸಿ, ಕಿಸೆಯಿಂದ ಬಾಟ್ಲಿ ತೆಗೆದು, ಸಪ್ಪಳ ಮಾಡಿಕೊಂಡೇ ಎರಡು ಗುಳಿಗೆ ನುಂಗುತ್ತಾನೆ. ಪಕ್ಕದವನು ನೀರಿನ ಗ್ಲಾಸು ಸರಿಸಿ, “ಹೋಳಿಗಿ ಇನ್ನೊಂದ ಹಾಕಸ್ಕೋರಿ” ಅಂತಾನೆ. ಅಷ್ಟು ಸಾಕು.